ನಮ್ಮದೇ ಬರಿಯವನಿಗೆ ಮಾರಿದ ಕ್ರಿಪ್ಟೊ

ಭಾವ ಆಫ್ರಿಕಾದ ಒಂದು ದೇಶದಲ್ಲಿ ಬಾಟಲಿ ಕಾರ್ಖಾನೆಯ ಮೆಕ್ಯಾನಿಕ್. ಸಂಬಳ ಅಲ್ಲಿಯ ನೋಟಿನಲ್ಲಿ. ಅದರ ಬೆಲೆ ಇಳಿಯುತ್ತಲೇ ಇತ್ತು. ಡಾಲರ್ ಮಾಡಿ ಊರಿಗೆ ಕಳಿಸೋಣವೆಂದರೆ ಅಲ್ಲಿಯ ಸರಕಾರ ಬಿಡುತ್ತಿರಲಿಲ್ಲ. ಉಳಿತಾಯ ಮಂಗಳೂರು ಸೇರಿದರೆ ಕೆಲಸ ಬಿಟ್ಟು ಬರುವವರಿದ್ದರು. ಬೆಂಗ್ರೆಯಲ್ಲಿ ಬೋಟಿನ ಇಂಜಿನ್ ರಿಪೇರಿ ಮಾಡುವ ಗೆಳೆಯನ ಶೆಡ್ಡಿನಲ್ಲಿ ಪಾಲು ಎಂದು ಮಾತಾಗಿತ್ತು.

ಕೊನೆಗೆ ಜೊತೆಗಾರರ ದಾರಿಯನ್ನೇ ಹಿಡಿದರು. ಅಲ್ಲಿಯ ನೋಟು ಕೊಟ್ಟು ಫೋನಿನಲ್ಲೇ ಕ್ರಿಪ್ಟೊ ಕೊಳ್ಳುವುದು, ಅದನ್ನು ಇಲ್ಲಿಯವನೊಬ್ಬನಿಗೆ ಮಾರುವುದು, ಅವನು ಜೆಪ್ಪುವಿನಲ್ಲಿರುವ ಅಕ್ಕನ ಖಾತೆಗೆ ರೂಪಾಯಿ ಹಾಕುವುದು.

ಕೊಳ್ಳುವವನೊಬ್ಬ ಸಿಕ್ಕಿದ. ಫೋನಿನಲ್ಲಿ ತುಳು ಮಾತಾಡಿದ. ಅಕ್ಕ ಸ್ಪೀಕರ್ ಹಾಕಿದ್ದಳು, ನಾನು ಎದುರಿಗಿದ್ದೆ. ಅಷ್ಟು ಖಚಿತ. ನಮ್ಮಿಬ್ಬರಲ್ಲಿ ಯಾರೋ ಒಬ್ಬರು ಅವನ ಬರಿ ಕೇಳಿದೆವು. ತಾಯಿಯ ಕಡೆಯಿಂದ ಬರುವ ಬಳಗದ ಹೆಸರು ಅದು. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ಅವನದು ನಮ್ಮದೇ.

"ಹಾಗಾದ್ರೆ ನೀನು ತಮ್ಮನೇ ಆದೆಯಲ್ಲ ಮಾರಾಯ!" ಎಂದಳು ಅಕ್ಕ.

"ಮತ್ತೆಂತ ಅಕ್ಕ, ಊಟಕ್ಕೇ ಬರ್ತೇನೆ. ಬಂಗುಡೆ ಪುಳಿಮುಂಚಿ ಮಾಡಿಡಿ."

ಸ್ವಲ್ಪಸ್ವಲ್ಪವೇ ಕಳಿಸುವ ಯೋಚನೆಯಿತ್ತು. ತಮ್ಮ ಎಂದಾದ ಮೇಲೆ ಭಾವ ಇಡೀ ಉಳಿತಾಯವನ್ನು ಒಮ್ಮೆಲೇ ದಾಟಿಸಿದರು.

ದುಡ್ಡು ಬಂತು. ಆ ವಾರವೇ ಅಕ್ಕನ ಖಾತೆ ಫ್ರೀಜ್ ಆಯಿತು. ಆ ರೂಪಾಯಿ ಉತ್ತರದ ಕಡೆ ಯಾರಿಗೋ ಮೋಸ ಮಾಡಿ ಎತ್ತಿದ್ದಂತೆ, ಕೈಯಿಂದ ಕೈಗೆ ದಾಟಿ ನಮ್ಮಲ್ಲಿಗೆ ಬಂದಿತ್ತಂತೆ. "ನಮ್ಮ ಕೈಯಲ್ಲಿಲ್ಲ, ಅಲ್ಲಿಯ ಪೊಲೀಸರೇ ಬಿಡಬೇಕು" ಎಂದರು ಬ್ಯಾಂಕಿನವರು. ಆ ಠಾಣೆಗೆ ಫೋನ್ ಮಾಡಿದೆ. ಈ ದುಡ್ಡು ಯಾವ ಬಾಬ್ತು ಎಂದು ಹಿಂದಿಯಲ್ಲಿ ಕೇಳಿದರು. ನಿಜ ಹೇಳಿದರೆ ಭಾವ ಆಫ್ರಿಕಾದಲ್ಲಿ ಸಿಕ್ಕಿಬೀಳುತ್ತಾರೆ. ಫೋನ್ ಇಟ್ಟೆ.

ಅಕ್ಕ ಫೋನ್ ಮಾಡಿದರೆ ತಮ್ಮನಾದವನು ಎತ್ತಲಾರ ಎಂದುಕೊಂಡಿದ್ದೆ. ಎತ್ತಿದ. "ನಂದೂ ಫ್ರೀಜ್ ಆಗಿದೆ ಅಕ್ಕ" ಎಂದು ಅತ್ತೇಬಿಟ್ಟ. ಬೈಯಲಿಕ್ಕೂ ಜನ ಇಲ್ಲದ ಹಾಗಾಯಿತು.

ಬರಿ ಕೇಳಿದ್ದು ಅಕ್ಕ ಎಂದೇ ನನ್ನ ನೆನಪು. ಯೂನಿವರ್ಸಿಟಿ ಮೆಟ್ಟಿಲು ಹತ್ತಿದ ಮೇಲೆ ಬರಿ, ಕುಲ ಎಂದರೆ ಗೇಲಿ ಮಾಡಿಕೊಂಡೇ ಬಂದವ ನಾನು. ಅಕ್ಕ ಹೇಳುವುದೇ ಬೇರೆ. "ನಿನಗೆಂತ ಮರೆವಾ? ಇವ ನಮ್ಮೂರಿನವ ಹೌದಾ ಅಂತ ಪರೀಕ್ಷೆ ಮಾಡ್ಲಿಕ್ಕೆ ಕೇಳಿದ್ದು ನೀನೇ." ಪರೀಕ್ಷೆ. ಅದು ನನ್ನ ಮಾತಿನ ಹಾಗೆಯೇ ಕೇಳಿಸುತ್ತದೆ.

ಮೊನ್ನೆ ಭಾವನ ಕರೆ ಬಂತು. ಅಲ್ಲಿಯ ಕರಾರು ಮುಂದುವರಿಸಿದರಂತೆ. ಶೆಡ್ಡಿನ ಪಾಲನ್ನು ಬೇರೆ ಯಾರಿಗಾದರೂ ಕೊಡಲು ಗೆಳೆಯನಿಗೆ ಹೇಳಬೇಕಂತೆ. ಹೂಂ ಎಂದೆ.

"ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡ. ಅವತ್ತು ನೀನು ಅಲ್ಲೇ ಇದ್ದೆಯಲ್ಲ. ಅವನ ಮಾತು ಕೇಳಿ ನಿನಗೆ ಎಂತ ಅನಿಸಿತ್ತು?"

"ನೆನಪಿಲ್ಲ ಭಾವ" ಎಂದೆ.

ಫೋನಿನಲ್ಲಿ ಬಾಟಲಿಗಳು ಒಂದಕ್ಕೊಂದು ತಾಗುತ್ತಾ ಸಾಗುವ ಸದ್ದು ಕೇಳುತ್ತಿತ್ತು.