ಯಲ್ದೂರು ಮೇಷ್ಟ್ರ ಮನೆಯಾಕೆಯ ಮುಖ ಮರಳಿ ಸಿಕ್ಕಿದ್ದು

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಮುಳಬಾಗಿಲು ಆಂಜನೇಯ ಸ್ವಾಮಿಯ ಕೃಪೆಯನ್ನಷ್ಟೇ ಹೇಳಿ ನನ್ನ ತಪ್ಪನ್ನು ಮುಚ್ಚಿಟ್ಟರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಕೋಲಾರದ ಒಂದು ಡಿಸೈನ್ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದೇನೆ. ಲಗ್ನಪತ್ರಿಕೆ, ಫ್ಲೆಕ್ಸ್, ಹಳೆಯ ಫೋಟೊ ಸರಿಮಾಡುವುದು ನನ್ನ ಕೆಲಸ. ಕಳೆದ ಶ್ರಾವಣದಲ್ಲಿ ಯಲ್ದೂರಿನ ನಿವೃತ್ತ ಮೇಷ್ಟ್ರೊಬ್ಬರು ತೀರಿಹೋದ ಹೆಂಡತಿಯ ಫೋಟೊ ತಂದರು. ಮನೆಯಲ್ಲಿದ್ದದ್ದು ಅದೊಂದೇ. ತೇವಕ್ಕೆ ಗಾಜಿಗೆ ಅಂಟಿತ್ತು. ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಕೊಂಡೆ. ಆಮೇಲೆ ಬಿಡಿಸಲು ಹೋದರೆ ಮುಖವೆಲ್ಲ ಗಾಜಿಗೇ ಹತ್ತಿ ಹರಿದುಹೋಯಿತು. "ಕಂಪ್ಯೂಟರ್‌ನಲ್ಲಿ ಭದ್ರವಾಗಿದೆ ಸಾರ್, ತಿಥಿಗೆ ಕೊಡ್ತೀನಿ" ಎಂದು ಧೈರ್ಯ ಹೇಳಿದೆ.

ಎಂಟು ದಿನ ದುಡಿದೆ. ಬೇರೆ ಪ್ರತಿ ಇಟ್ಟುಕೊಳ್ಳದೆ, ಮೊದಲ ಸ್ಕ್ಯಾನೂ ಸೇರಿ ಎಲ್ಲವನ್ನೂ ಒಂದೇ ಪೆನ್‌ಡ್ರೈವ್‌ನಲ್ಲಿಟ್ಟಿದ್ದೆ. ಶುಕ್ರವಾರ ಸಂಜೆ ಬಸ್ಸಿನ ಅವಸರಕ್ಕೆ, ಫೈಲ್ ಸೇವ್ ಆಗುತ್ತಿರುವಾಗಲೇ ಅದನ್ನು ಕಿತ್ತುಬಿಟ್ಟೆ. ಮರುದಿನ ಅದರಲ್ಲಿದ್ದ ಯಾವ ಫೈಲೂ ತೆರೆಯಲಿಲ್ಲ. ರಿಕವರಿ ಸಾಫ್ಟ್‌ವೇರ್ ಹಾಕಿದ್ದಕ್ಕೆ ಸೀರೆಯ ಸೆರಗಷ್ಟೇ ಬಂತು. ಮುಖವಿರಬೇಕಾದಲ್ಲಿ ಬರೀ ಬೂದು ಪಟ್ಟೆಗಳು.

"ಯಾರು ಮಾಡಿದ್ದಿದು?" ಮಾಲೀಕರು ಗದರಿದರು.

"ಕೊನೇಲಿ ನಾಗವೇಣಿ ಕೂತಿದ್ಲು ಸಾರ್" ಎಂದುಬಿಟ್ಟೆ.

ನಾಗವೇಣಿ ನನ್ನ ಜೊತೆ ಕೆಲಸದವಳು, ವಕ್ಕಲೇರಿಯವಳು. ಗಿರಾಕಿಗಳ ಎದುರೇ ಬೈಸಿಕೊಂಡಳು. ನನ್ನನ್ನೊಮ್ಮೆ ನೋಡಿ, ಬ್ಯಾಗು ತೆಗೆದುಕೊಂಡು ಹೊರಟಳು.

ಭಾನುವಾರ ಮುಳಬಾಗಿಲಿಗೆ ಹೋಗಿ ಆಂಜನೇಯ ಸ್ವಾಮಿಯ ಮುಂದೆ ನಿಂತೆ. 'ಆ ಫೈಲ್ ಕೊಡಿಸಪ್ಪ' ಎಂದು ಕೇಳಲೆಂದೇ ಹೋಗಿದ್ದೆ. ಕೈಮುಗಿದರೂ ಮಾತು ಹೊರಡಲಿಲ್ಲ. ಕಣ್ಣು ಮುಚ್ಚಿದರೆ ನಾಗವೇಣಿಯ ಆ ನೋಟ. ಪ್ರದಕ್ಷಿಣೆ ಅರ್ಧಕ್ಕೇ ಬಿಟ್ಟು, ಕೋಲಾರಕ್ಕೆ ಬಂದು ವಕ್ಕಲೇರಿಯ ಬಸ್ಸು ಹತ್ತಿದೆ.

ಅವಳು ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಿದ್ದಳು.

"ಫೈಲ್ ಕೆಡಿಸಿದ್ದು ನಾನು ಕಣೇ" ಎಂದೆ.

"ಗೊತ್ತಕ್ಕ. ನೀನು ಪೆನ್‌ಡ್ರೈವ್ ಕಿತ್ತಿದ್ದು ನೋಡ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ."

ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಫೈಲಿನ ಮಾತು ನಾನು ಎತ್ತಲಿಲ್ಲ. ಹೊರಡಲು ಎದ್ದಾಗ ಅವಳೇ, "ತಾಳಕ್ಕ. ಸೀರೆ ಬಣ್ಣ ಕೂರ್ತಿಲ್ಲ ಅಂತ ಬುಧವಾರ ನಂಗೆ ಕಳಿಸಿದ್ದೆಯಲ್ಲ, ಅದು ಇದೆಯೇನೋ" ಎನ್ನುತ್ತ ಒಳಗಿಂದ ಹಳೆಯ ಲ್ಯಾಪ್‌ಟಾಪ್ ತಂದಳು. ನಾನು ಕಳಿಸಿದ್ದು ನನಗೇ ಮರೆತುಹೋಗಿತ್ತು. ಫೈಲ್ ತೆರೆಯಿತು. ಹಣೆಯ ಕುಂಕುಮದಿಂದ ಗಲ್ಲದವರೆಗೆ ಮುಖ ಪೂರ್ತಿಯಾಗಿತ್ತು.

ಸೋಮವಾರ ಗಿರಾಕಿಗಳಿದ್ದಾಗಲೇ ಮಾಲೀಕರಿಗೆ ನಿಜ ಹೇಳಿದೆ. ಉಳಿದ ಎರಡು ದಿನದ ಕೆಲಸ ಮತ್ತೆ ಮಾಡಿದೆ. ಫೋಟೊ ನೋಡಿ ಮೇಷ್ಟ್ರು, "ಹಿಂಗೇ ಇದ್ಲಮ್ಮ ನಮ್ಮೋಳು" ಎಂದು ನನಗೆ ಕೈಮುಗಿದರು. ಆ ನಮಸ್ಕಾರಕ್ಕೆ ನಾನು ಅರ್ಹಳಾಗಿರಲಿಲ್ಲ. ಅವರಿಗೂ ನಡೆದದ್ದೆಲ್ಲ ಹೇಳಿದೆ.

ಮಾಲೀಕರು ಕರೆದರೂ ನಾಗವೇಣಿ ತಿರುಗಿ ಬರಲಿಲ್ಲ. ಈಗ ಮಾಲೂರಿನಲ್ಲಿ ಕೆಲಸಕ್ಕಿದ್ದಾಳೆ. ಆ ನೋವು ನನಗೆ ಇರಲೇಬೇಕು. ನಾನು ಕೇಳದಿದ್ದರೂ ಸ್ವಾಮಿ ಫೈಲ್ ಕೊಟ್ಟ. ಕೊಡುವ ಮೊದಲು ನನ್ನ ಬಾಯಿಂದ ನಿಜ ಹೇಳಿಸಿದ. ಎರಡನೆಯದೇ ದೊಡ್ಡ ಕೃಪೆ ಎಂದು ನಂಬಿ ಅವನ ಪಾದಕ್ಕೆ ತಲೆಬಾಗುತ್ತೇನೆ.