ಕೂರಲು ಬಿಡದ ಸೊಂಟ

ನನ್ನ ಸೊಂಟನೋವಿಗೆ ನಾನು ತೆತ್ತದ್ದು ಒಂದು ಜೊತೆ ಎತ್ತು. ರೂಪನಗುಡಿಯ ರೈತನೊಬ್ಬನ ಕೊಟ್ಟಿಗೆಯಲ್ಲಿ ಹಲ್ಲು ನೋಡಿ, ಗೊರಸು ತಟ್ಟಿ, ಅರ್ಧ ದಿನ ಜಗ್ಗಾಡಿ ತಂದ ಎತ್ತುಗಳು ಅವು. ಔಷಧಕ್ಕಾಗಿ ಮಾರಿದೆನೆಂದು ತಿಳಿಯಬೇಡಿ. ಔಷಧಕ್ಕೆ ಅಷ್ಟು ಕೊಡುವ ಆಸಾಮಿ ನಾನಲ್ಲ. ನನ್ನ ಕೈಹಿಡಿತ ಒಮ್ಮೆ ಬಿಗಿಯಾಯಿತು, ಅದಕ್ಕೆ ಮಾರಿದೆ.

ಬಳ್ಳಾರಿಯಲ್ಲಿ ನಾನು ಹತ್ತಿಯ ದಲಾಲಿ. ರೈತನಿಗೂ ಸಾಹುಕಾರನಿಗೂ ನಡುವೆ ಕುಳಿತು ದರ ಕುದುರಿಸುವವನು. ನಮ್ಮಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಹತ್ತಿಯ ರಾಶಿಯ ಪಕ್ಕ ಜಮಖಾನ ಹಾಸಿ, ಮಂಡಿಗೆ ಮಂಡಿ ತಾಗುವಂತೆ ಇಬ್ಬರೂ ಕುಳಿತು, ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಮಾತಾಡುತ್ತೇವೆ. ಒಂದು ಬೆರಳೆಂದರೆ ಮಣಕ್ಕೆ ಒಂದಾಣೆ ಹೆಚ್ಚು, ಎರಡಾದರೆ ಎರಡು. ಹಸ್ತವನ್ನು ಪೂರ್ತಿ ಅದುಮಿದರೆ ಐದು. ಸುತ್ತ ನಿಂತವರಿಗೆ ನಮ್ಮ ಮುಖ ಮಾತ್ರ ಕಾಣಬೇಕು, ಮುಖದಲ್ಲಿ ಏನೂ ಕಾಣಬಾರದು. ಅದುಮಿದ ಮೇಲೆ ಇಲ್ಲವೆಂದ ದಲಾಲಿಯ ಎದುರು ಮರುದಿನ ಯಾರೂ ಕೂರುವುದಿಲ್ಲ.

ಅಂದು ನಾನು ಎರಡು ಬೆರಳು ಹಿಡಿದಿದ್ದೆ. ಮಡಚಿದ ಕಾಲು ಜೋಮು ಹಿಡಿದಿತ್ತು, ಸ್ವಲ್ಪ ಸರಿಸಿದೆ. ಸೊಂಟದಲ್ಲಿ ಕಾದ ಸಲಾಕೆ ಚುಚ್ಚಿದಂತಾಗಿ ಕೈಗೆ ಸಿಕ್ಕದ್ದನ್ನು ಗಟ್ಟಿಯಾಗಿ ಹಿಡಿದೆ. ಸಿಕ್ಕದ್ದು ರೈತನ ಇಡೀ ಹಸ್ತ.

"ಆತ್ರಿ ದಲಾಲ್ರ, ಕೊಟ್ಟೀನಿ," ಎಂದು ಅವನು ವಲ್ಲಿ ಝಾಡಿಸಿ ಎದ್ದೇಬಿಟ್ಟ.

ನಾನು ಕೊಂಡದ್ದು ಸಾಹುಕಾರರ ಪರವಾಗಿ. ಹೆಚ್ಚಿನದನ್ನು ಅವರೇಕೆ ಕೊಟ್ಟಾರು? ಅದನ್ನು ತುಂಬಿಕೊಡಲು ನನ್ನ ಎತ್ತು ಹೋದವು. ಎತ್ತಿಗಿಂತ ಅವರ ಮಾತು ಹೆಚ್ಚು ಚುಚ್ಚಿತು: "ಸಿರುಗುಪ್ಪದ ಗೌಡ್ರ ಹತ್ತಿ ಈ ಸಲಾನೂ ನೀವ ತರಬೇಕಂತ ಮಾಡಿದ್ದೆ. ಶಿವರಾತ್ರಿ ಹೊತ್ತಿಗೆ ಸೊಂಟ ನೆಟ್ಟಗಿದ್ರ ಹೋಗ್ರಿ. ಇಲ್ಲಂದ್ರ ಬ್ಯಾರೆ ದಲಾಲ್ರು ಅದಾರ."

ಆ ಗೌಡರ ಹತ್ತಿ ಕೈತಪ್ಪಿದರೆ ನನ್ನ ಹೆಸರು ಮಾರುಕಟ್ಟೆಯಲ್ಲಿ ಉಳಿಯುವುದಿಲ್ಲ. ರೈಲು ನಿಲ್ದಾಣದಲ್ಲಿ ಹತ್ತಿಯ ಮೂಟೆ, ಅಂದರೆ ಅಂಡಿಗೆ, ಹೊತ್ತು ಮೇಲೆ ಬಂದವನು ನಾನು. ಈಗ ಆ ಹಮಾಲಿಗೂ ಹಿಂದಿರುಗುವಂತಿರಲಿಲ್ಲ. ಬಗ್ಗಿ ಚಪ್ಪಲಿ ತೆಗೆದುಕೊಳ್ಳಲೇ ಬರುತ್ತಿರಲಿಲ್ಲ.

"ಮಲಕೋ, ಏಳಬ್ಯಾಡ," ಎಂದಳು ಅವ್ವ. ಮಲಗಿದೆ. ಮೊದಲ ದಿನ ಹಾಯೆನಿಸಿತು. ಆಮೇಲೆ ಈ ಮಗ್ಗುಲಾದರೆ ಆ ಮಗ್ಗುಲು ಬೇಕು, ಆ ಮಗ್ಗುಲಾದರೆ ಎದ್ದು ಕೂರಬೇಕು. ಬೀದಿಯಲ್ಲಿ ಬಂಡಿ ಹೋದರೆ ಗಾಲಿಯ ಕಿರುಗುಟ್ಟುವಿಕೆಯಿಂದಲೇ ಅದರಲ್ಲಿ ಎಷ್ಟು ಹತ್ತಿ ಇದೆ, ಯಾರ ಮಂಡಿಗೆ ಹೊರಟಿದೆ ಎಂದು ಲೆಕ್ಕ ಹಾಕುತ್ತ ಹಲ್ಲು ಕಡಿಯುತ್ತಿದ್ದೆ. ಎದುರು ಮನೆಯ ಮುದುಕ ಬರೆ ಹಾಕಿಸಿಕೋ ಎಂದ. ತನಗೆ ಹಾಕಿಸಿದ್ದನ್ನು ಅಂಗಿ ಎತ್ತಿ ತೋರಿಸಿದ. ನೋವು ಹೋಯಿತೇ ಎಂದು ಕೇಳಿದೆ. "ಸುಟ್ಟ ನೋವಿನ ಮುಂದ ಅದು ನೆನಪಾಗಲಿಲ್ಲ ನೋಡು," ಎಂದ. ಅಂಥ ಸರಕನ್ನು ನಾನು ಕೊಳ್ಳುವುದಿಲ್ಲ.

ಪಕ್ಕದ ಓಣಿಯಲ್ಲಿ ಕಾಲು ಮುಂದಾಗಿ ಹುಟ್ಟಿದ ಹೆಂಗಸೊಬ್ಬಳಿದ್ದಳು. ಅಂಥವರು ಒದ್ದರೆ ಹಿಡಿದ ಸೊಂಟ ಬಿಡುತ್ತದೆಂದು ನಮ್ಮವರ ನಂಬಿಕೆ. ಅವ್ವ ಅವಳನ್ನೂ ಕರೆತಂದಳು. ಧಡೂತಿ ಹೆಂಗಸು.

"ಸಾವಕಾಶ ಒದಿಯವ್ವ," ಎಂದೆ.

"ನಮ್ಮಣ್ಣನ ಹತ್ತಿ ರೇಟು ಇಳಿಸುವಾಗ ನೀ ಸಾವಕಾಶ ಇಳಿಸಿದ್ದೇನು?" ಎಂದು ಒದ್ದಳು. ಬಾಗಿಲಲ್ಲಿ ನೆರೆದ ಓಣಿಯವರಿಗೆ ಒಂದು ವಾರದ ನಗು ಸಿಕ್ಕಿತು. ನನಗೆ ಸಿಕ್ಕದ್ದು ಇನ್ನೊಂದು ಕಡೆ ನೋವು.

ನನ್ನಾಕೆ ಒಂದು ಮಾತು ಹೇಳಿದಳು: "ಮಲಗಿದಷ್ಟೂ ನಿಮಗ ಜಾಸ್ತಿ ಆಗಾಕತ್ತೈತ್ರಿ. ಬಾವಿ ತನಕ ಹೋಗಿ ಬಂದ ದಿನ ಹಗುರ ಇರ್ತೀರಿ."

"ನೀ ಯಾವಾಗ ಪಂಡಿತಳಾದಿ?"

"ನರಳೂದು ನೀವಾದ್ರ, ಕೇಳೂದು ನಾನಲ್ಲೇನು?"

ಪಂಡಿತನೆಂಬ ಮಾತು ಬಂದದ್ದರಿಂದ ಕುರುಗೋಡಿನ ವೈದ್ಯ ಪಂಡಿತರ ನೆನಪಾಯಿತು. ಬಾಡಿಗೆ ಬಂಡಿ ಹತ್ತಿದೆ. ಒಣಗಿದ ಎರೆಮಣ್ಣಿನ ಗಾಲಿಜಾಡು ಕಲ್ಲಿನಷ್ಟು ಗಟ್ಟಿ. ಒಂದೊಂದು ಕುಲುಕಿಗೂ ಕಣ್ಣಲ್ಲಿ ನೀರು. ಕೊನೆಗೆ ಇಳಿದು ಬಂಡಿಯ ಹಿಂದೆ ನಡೆದೆ. ನಡೆದಾಗಲೇ ಮೇಲೆನಿಸಿದ್ದು ನನಗೇ ಆಶ್ಚರ್ಯ. ನನ್ನಾಕೆಗೆ ಇದನ್ನು ಹೇಳಲಿಲ್ಲ.

ಪಂಡಿತರು ಕುದುರೆ ಸಾಕಿದ್ದ, ದೊಡ್ಡ ಗಂಟಲಿನ ಮನುಷ್ಯ. ನನ್ನನ್ನು ಮಲಗಿಸಿ ಕಾಲನ್ನು ಎತ್ತಿ ಇಳಿಸಿ ನೋಡಿದರು. ಹೆಬ್ಬೆರಳು ಮೇಲೆತ್ತಲು ಬರುತ್ತದೆಯೇ, ತೊಡೆಯ ಸಂದು ಮರಗಟ್ಟಿದೆಯೇ, ಮೂತ್ರ ಕಟ್ಟುತ್ತದೆಯೇ, ಜ್ವರ ಬರುತ್ತದೆಯೇ ಎಂದು ಕೇಳಿದರು. ಅಂಥದ್ದೇನೂ ಇರಲಿಲ್ಲ.

"ಹಂಗಾದ್ರ ಅಂಜಬ್ಯಾಡ್ರಿ. ಚಿಕ್ಕಂದಿನಾಗ ಬಗ್ಗಿ ಬಗ್ಗಿ ಹೊತ್ರಿ, ಈಗ ಅಲುಗಾಡದಂಗ ಕುಂತ್ರಿ. ಎರಡೂ ಸೇರಿ ಹಿಡದೈತಿ."

ಅವರು ಹೇಳಿದ್ದು ಇಷ್ಟು: ಹರಳೆಣ್ಣೆ ಹಚ್ಚಿ ಲಕ್ಕಿ ಸೊಪ್ಪು ಕುದಿಸಿದ ಬಿಸಿನೀರು ಹಾಕಿಕೊಳ್ಳಬೇಕು. ಬೆಳಿಗ್ಗೆ, ಸಂಜೆ ನಡೆಯಬೇಕು. ಬೋರಲು ಮಲಗಿ ಎದೆ ಎತ್ತಬೇಕು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತಬೇಕು. ಎಲೆ ಅಡಿಕೆ ಹಾಕಿಕೊಂಡು ಮುಗಿಸುವಷ್ಟು ಹೊತ್ತಿಗಿಂತ ಹೆಚ್ಚು ಒಂದೇ ಸಮ ಕೂರಬಾರದು. ಇದೆಲ್ಲ ಈ ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ.

ಹುಟ್ಟುಗುಣ ನೋಡಿ. ನಾನು ಸುಮ್ಮನಿರದೆ ವಲ್ಲಿ ತೆಗೆದು ಅವರ ಕೈ ಮೇಲೆ ಹಾಕಿದೆ.

"ಹುಣ್ಣಿವಿಗೆ ಮುಗಿಸ್ರಿ, ಪಂಡಿತ್ರ."

"ಇದೇನು ಹತ್ತಿ ಅಂಡಿಗೇನ್ರಿ?"

"ಎಣ್ಣಿ ಜಾಸ್ತಿ ಹಚ್ಚತೀನಿ. ದಿನ ಕಮ್ಮಿ ಮಾಡ್ರಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಆತು, ಹುಣ್ಣಿವಿಗೆ ಬಿಡ್ರಿ. ನೋವು ತಿರುಗಿ ಬಂದಾಗ ಅದರ ಕೈ ಮ್ಯಾಲೂ ಹಿಂಗ ವಲ್ಲಿ ಹಾಕಿ ಮಾತಾಡ್ರಿ!"

ಗೆದ್ದೆನೆಂದುಕೊಂಡು ಬಳ್ಳಾರಿಗೆ ಬಂದೆ. ಹುಣ್ಣಿಮೆಯ ಹೊತ್ತಿಗೆ ನಿಜವಾಗಿಯೂ ಹಗುರವಾಗಿತ್ತು. ನಡಿಗೆ ಬಿಟ್ಟೆ, ಜಮಖಾನದ ಮೇಲೆ ಬೆಳಗಿನಿಂದ ಬೈಗಿನವರೆಗೆ ಕುಳಿತೆ. ಮೋಕ ಊರಿನಿಂದ ಬಂದ ಬಂಡಿಯಿಂದ ಹಮಾಲರು ಅಂಡಿಗೆ ಇಳಿಸುತ್ತಿದ್ದರೆ, "ಸರೀರಲೇ, ನಮ್ಮ ಕಾಲದಾಗ ಹೆಂಗ ಎತ್ತತಿದ್ವಿ ನೋಡ್ರಿ," ಎಂದು ಕಾಲು ನೆಟ್ಟಗಿಟ್ಟು ಸೊಂಟದಿಂದ ಬಗ್ಗಿ ಎತ್ತಿದೆ. ಎತ್ತಿದವನು ಹಾಗೆಯೇ ನಿಂತೆ. ಬಗ್ಗಿದ ಸೊಂಟ ಮೇಲೆ ಬರಲಿಲ್ಲ. ಅದೇ ಹಮಾಲರು ನನ್ನನ್ನು ಎತ್ತಿ ಅದೇ ಬಂಡಿಯಲ್ಲಿ ಮನೆಗೆ ತಂದರು.

"ಅಂಡಿಗಿ ಎಲ್ಲಿ ಇಳಸೂದ್ರಿ, ಅಕ್ಕಾರ?" ಎಂದು ಒಬ್ಬ ನನ್ನಾಕೆಯನ್ನು ಕೇಳಿದ.

"ಗ್ವಾಡಿ ಕಡಿ ಇಳಸ್ರಿ. ರೇಟು ಮಾತ್ರ ಕೇಳಬ್ಯಾಡ್ರಿ," ಎಂದಳು.

ಶಿವರಾತ್ರಿ ಹತ್ತಿರವಾಗಿತ್ತು. ಮತ್ತೆ ಕುರುಗೋಡಿಗೆ ಹೋದೆ. ವಲ್ಲಿ ಹೆಗಲ ಮೇಲೇ ಇತ್ತು. ಪಂಡಿತರು ಹಳೆಯದನ್ನೇ ಮತ್ತೆ ಹೇಳಿದರು, ನಾನು ತಲೆಯಾಡಿಸಿದೆ. ಅಲ್ಲಿಯೇ ಉಳಿದು, ಊರ ಹೊರಗಿನ ಕೋಟೆಯ ಸುತ್ತ ಬೆಳಿಗ್ಗೆ ಸಂಜೆ ನಡೆದೆ, ಗೊಣಗುತ್ತ ನಡೆದೆ. ಮನಸ್ಸು ಸಿರುಗುಪ್ಪದ ಕಡೆ ಎಳೆಯುತ್ತಿತ್ತು. ಬೇರೆ ದಲಾಲಿ ಈಗಾಗಲೇ ಬಂಡಿ ಕಟ್ಟಿರಬಹುದೇ? ಗೌಡರು ರಾಶಿ ಹಾಕಿಸಿರಬಹುದೇ? ನೋವು ತಗ್ಗಿತು, ಪೂರ್ತಿ ಹೋಗಲಿಲ್ಲ. ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇರುವಾಗಲೇ ಗೌಡರಿಂದ ಕರೆ ಬಂತು. ಪಂಡಿತರನ್ನು ಕೇಳಿದೆ.

"ಹೋಗ್ರಿ. ಕೆಲಸ ಬಿಡಬ್ಯಾಡ್ರಿ, ಕೂಡೂದು ಬಿಡ್ರಿ," ಎಂದರು.

ಕೂರದೆ ವ್ಯಾಪಾರ ಮಾಡುವುದೆಂದರೆ? ನಮ್ಮಲ್ಲಿ ನಿಂತು ದರ ಹೇಳುವವನು ಜಗಳಕ್ಕೆ ಬಂದವನು. ದಾರಿಯುದ್ದಕ್ಕೂ ಬಂಡಿ ಹತ್ತಿ, ಇಳಿದು, ನಡೆದು, ಮತ್ತೆ ಹತ್ತಿ, ಇದನ್ನೇ ಯೋಚಿಸಿದೆ.

ಸಿರುಗುಪ್ಪದಲ್ಲಿ ಗೌಡರ ಕಣದಲ್ಲಿ ಹತ್ತಿ ಗುಡ್ಡದಂತೆ ಬಿದ್ದಿತ್ತು. ಜಮಖಾನ ಹಾಸಿತ್ತು. ಗೌಡರು ಕುಳಿತು ಕೈ ಚಾಚಿದರು. ನಾನು ನಿಂತೇ ಇದ್ದೆ.

"ಯಾಕ್ರಿ ದಲಾಲ್ರ, ನಮ್ಮ ಹಾಸಿಗಿ ಚುಚ್ಚತೈತೇನು?"

"ನನ್ನ ಸೊಂಟ ಚುಚ್ಚತೈತ್ರಿ ಗೌಡ್ರ. ಕುಂತು ಬೆರಳು ಹಿಡದ್ರ ಕೈ ತಪ್ಪತೈತಿ. ಬಳ್ಳಾರ್ಯಾಗ ಒಮ್ಮೆ ತಪ್ಪೈತಿ."

ಮುಚ್ಚಿಟ್ಟಿದ್ದರೆ ಕೆಡುತ್ತಿತ್ತು, ಆ ಸುದ್ದಿ ಅವರಿಗೆ ಮೊದಲೇ ಮುಟ್ಟಿತ್ತು. ಗೌಡರ ಮುಖ ಸ್ವಲ್ಪ ಸಡಿಲಾಯಿತು. "ಕೇಳೀನಿ. ಮತ್ತ ನಿಂತು ಬಡಿದಾಡೂದೇನು?"

"ನಿಂತಲ್ರಿ. ನಡೀತಾ ಮಾತಾಡೋಣ. ರಾಶಿ ಸುತ್ತ ಬರ್ರಿ."

ಕಣದಲ್ಲಿದ್ದವರೆಲ್ಲ ನಕ್ಕರು. ಗೌಡರಿಗೂ ಅದೊಂದು ತಮಾಷೆ ಎನಿಸಿರಬೇಕು, ಎದ್ದರು. ಒಂದೇ ವಲ್ಲಿಯ ಕೆಳಗೆ ಕೈ ಇಟ್ಟುಕೊಂಡು, ಸಪ್ತಪದಿ ತುಳಿಯುವವರ ಹಾಗೆ, ನಾವಿಬ್ಬರೂ ಹತ್ತಿಯ ರಾಶಿಯನ್ನು ಸುತ್ತತೊಡಗಿದೆವು. "ಅಕ್ಕಿ ಕಾಳು ತರ್ರೋ!" ಎಂದು ಯಾರೋ ಕೂಗಿದರು. ಒಮ್ಮೆ ಸೊಂಟ ಚಳಕ್ ಎಂದಿತು. ಬೆರಳು ಬಿಟ್ಟು, ಉಸಿರೆಳೆದು, ಹೆಜ್ಜೆ ಹಾಕಿ, ಮತ್ತೆ ಹಿಡಿದೆ. ಕೈ ತಪ್ಪಲಿಲ್ಲ. ಗೌಡರು ಏದುಸಿರು ಬಿಡುತ್ತ, "ಸುಸ್ತು ಮಾಡಿ ರೇಟು ಇಳಸ್ತೀರೇನ್ರಿ? ಆತು, ಒಯ್ರಿ," ಎಂದು ವಲ್ಲಿ ತೆಗೆದರು. ಪೇಟೆಯ ದರವೇ ಸಿಕ್ಕಿತು, ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹತ್ತಿ ನನ್ನ ಕೈಯಿಂದಲೇ ಬಳ್ಳಾರಿಗೆ ಬಂತು. ಸಾಹುಕಾರರು ಬೇರೆಯವರ ಮಾತೆತ್ತಲಿಲ್ಲ.

ನೋವು ಈಗಲೂ ಆಗಾಗ ಬರುತ್ತದೆ. ಬಂದಾಗ ಹೆದರುವುದಿಲ್ಲ, ಹಾಸಿಗೆಯನ್ನೂ ಹಿಡಿಯುವುದಿಲ್ಲ. ನಿಮಗೂ ಇದ್ದರೆ ಕೇಳಿ. ಒಂದೆರಡು ದಿನ ಕೆಲಸ ಹಗುರ ಮಾಡಿ, ಆದರೆ ಮಲಗಿಯೇ ಇರಬೇಡಿ. ಬಿಸಿ ಶಾಖದಿಂದ ಸುಖವಾದರೆ ಕೊಡಿ. ಸುಡುವವರನ್ನೂ ಒದೆಯುವವರನ್ನೂ ಬಾಗಿಲಿನಿಂದಲೇ ಕಳಿಸಿ. ಭಾರ ಎತ್ತುವಾಗ ಮಂಡಿ ಮಡಚಿ, ಎದೆಗೆ ಅವಚಿ ಎತ್ತಿ, ಎತ್ತಿದ ಮೇಲೆ ಸೊಂಟ ತಿರುಚಬೇಡಿ. ನೋವು ಇಲ್ಲದ ದಿನವೂ ನಡೆಯಿರಿ. ಆ ದಿನಗಳಲ್ಲಿ ಬಿಟ್ಟದ್ದಕ್ಕೇ ನಾನು ಎರಡನೆಯ ಸಲ ಬಿದ್ದದ್ದು. ಕಾಲಿನ ಬಲ ಹೋದರೆ, ಕೂರುವ ಜಾಗ ಮರಗಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ನೋವಿನ ಜೊತೆ ಜ್ವರ ಬಂದರೆ ಮಾತ್ರ ಮನೆಮದ್ದು ಬಿಟ್ಟು ಅಂದೇ ದೊಡ್ಡ ಆಸ್ಪತ್ರೆಗೆ ಹೋಗಿ. ಕೂತು ಮಾಡುವ ಕೆಲಸ ನಿಮ್ಮದಾದರೆ ಯಾರು ನಕ್ಕರೂ ನಗಲಿ, ನಡುನಡುವೆ ಎದ್ದುಬಿಡಿ. ಇದನ್ನು ಓದುತ್ತ ನೀವು ಕುಳಿತು ಸಾಕಷ್ಟು ಹೊತ್ತಾಯಿತು. ಏಳಿ, ಅಂಗಳದಲ್ಲಿ ಒಂದು ಸುತ್ತು ಹಾಕಿ ಬನ್ನಿ.