ಹುಳು ಹೊತ್ತ ಸೈಕಲ್ಲು

ಕಾಮಗೆರೆಯ ಬಸವಯ್ಯ ಸೈಕಲ್ಲಿಗೆ ಗಾಳಿ ತುಂಬ ಹಾಕಿಸುತ್ತಿರಲಿಲ್ಲ. ಹೆಬ್ಬೆಟ್ಟಲ್ಲಿ ಒತ್ತಿದರೆ ಟೈರು ಒಳಕ್ಕೆ ಹೋಗಬೇಕು, ಅಷ್ಟೇ ಗಾಳಿ. ಹಾಗೆ ತುಳಿಯೋದು ಸುಲಭ ಅಲ್ಲ. ಏರು ಬಂದರೆ ಮಂಡಿ ಕಿತ್ತುಬರುತ್ತದೆ. ಆದರೂ ಇಪ್ಪತ್ತು ವರ್ಷಕ್ಕೂ ಮೇಲೆ ಹಾಗೇ ತುಳಿದ. ಹಿಂದಿನ ಕ್ಯಾರಿಯರಿನ ಮೇಲೆ ಇರುತ್ತಿದ್ದದ್ದು ರೇಷ್ಮೆ ಹುಳು. ಗಾಳಿ ಬಿಗಿಯಾಗಿದ್ದರೆ ಗುಂಡಿ ಗುಂಡಿಗೂ ಹುಳು ಎಗರಿ ಮುದ್ದೆಯಾಗುತ್ತದೆ.

"ಏನ್ಲಾ ಬಸವ, ಗಾಳಿ ಹಾಕ್ಸಕ್ಕೂ ಗತಿ ಇಲ್ವೇನ್ಲಾ?" ಎಂದು ಟೀ ಅಂಗಡಿಯಲ್ಲಿ ಕೂತವರು ಕೂಗುತ್ತಿದ್ದರು.

"ಮೆತ್ತಗ್ ಮಾತಾಡ್ಲಾ. ಹಿಂದೆ ಮಕ್ಳು ಮಲಗವೆ," ಅನ್ನುತ್ತಿದ್ದ. ನಿಲ್ಲುತ್ತಿರಲಿಲ್ಲ.

ಕೊಳ್ಳೇಗಾಲದ ಅಂಚಿನಲ್ಲಿ ಶಿವಶಂಕರ ಅನ್ನುವವರ ಚಾಕಿ ಕೇಂದ್ರ ಇದೆ. ಮೊಟ್ಟೆ ಒಡೆದು ಬಂದ ಹುಳುವನ್ನು ಎರಡು ಜ್ವರ ಕಳೆಯುವ ತನಕ ಅಲ್ಲಿ ಸಾಕುತ್ತಾರೆ. ಈ ಜ್ವರ ಕಾಯಿಲೆ ಅಲ್ಲ. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುತ್ತದೆ, ಅದಕ್ಕೆ ಹಾಗೆ ಹೆಸರು. ಎರಡನೇ ಜ್ವರ ಎದ್ದ ಹುಳು ರೈತರ ಮನೆ ಸೇರಬೇಕು, ಅದೂ ಬಿಸಿಲು ಏರೋ ಮುಂಚೆ. ದೊಡ್ಡ ಬೆಳೆಗಾರರಿಗೆ ಆಟೋ ಹೋಗುತ್ತದೆ. ಕಾಡಂಚಿನ ಸಣ್ಣ ಮನೆಗಳಿಗೆ ಬಸವಯ್ಯ ಹೋಗುತ್ತಿದ್ದ.

ಅವನು ನೆಟ್ಟಗಿನ ದಾರಿಯಲ್ಲಿ ಹೋದದ್ದೇ ಕಮ್ಮಿ. ಹನೂರಿಗೆ ದೊಡ್ಡ ರಸ್ತೆ ಇದೆ. ಅಲ್ಲಿ ಮಾದಪ್ಪನ ಬೆಟ್ಟದ ಬಸ್ಸುಗಳು ಹೊಗೆ ಉಗಿಯುತ್ತವೆ ಎಂದು ಹೊಲದ ನಡುವಿನ ದಾರಿ ಹಿಡಿಯುತ್ತಿದ್ದ. ಯಳಂದೂರಿನ ಕಡೆ ಹೋಗಬೇಕಾದರೆ, ಕುಂತೂರಿನ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಧೂಳು ಕುಡಿಯುವ ಬದಲು ಕಾಲುವೆ ಏರಿ ಹತ್ತುತ್ತಿದ್ದ. ಲೊಕ್ಕನಹಳ್ಳಿ ದಾರಿಯಲ್ಲಿ ಟೊಮೆಟೊ ಹೊಲಕ್ಕೆ ಔಷಧಿ ಹೊಡೆಯುವವರು ಕಂಡರೆ ಸೈಕಲ್ ತಿರುಗಿಸಿ ಇನ್ನೊಂದು ಊರು ಸುತ್ತಿಕೊಂಡು ಬರುತ್ತಿದ್ದ. ಸುತ್ತಿದ್ದು ಕಾಲಿಗೆ ನೋವು, ಹುಳಕ್ಕೆ ಸುಖ. ಅಷ್ಟು ಸಾಕಿತ್ತು ಅವನಿಗೆ.

ಭಾನುವಾರ ಮೈಸೂರಿನ ಹುಡುಗರು ತೆಳ್ಳನೆ ಟೈರಿನ ಸೈಕಲ್ಲಲ್ಲಿ ಕಾಡು ಸುತ್ತೋಕೆ ಬರುತ್ತಾರೆ. ಗುಂಡಾಲ್ ಹತ್ತಿರದ ಏರಿನಲ್ಲಿ ಅವನನ್ನು ಹಿಂದೆ ಹಾಕಿ, "ಅಣ್ಣ, ರೇಸಿಗೆ ಬರ್ತೀರಾ?" ಎಂದು ನಗುತ್ತಿದ್ದರು.

"ಬತ್ತೀನಿ ಸಾ. ನಿಮ್ ಹಿಂದೇನೂ ಒಂದ್ ತಟ್ಟೆ ಹುಳ ಕಟ್ಟಕಳಿ," ಅನ್ನುತ್ತಿದ್ದ. ಅವರೂ ನಗುತ್ತಿದ್ದರು, ಇವನೂ ನಗುತ್ತಿದ್ದ. ಯಾರ ಮೇಲೂ ಅವನಿಗೆ ಹೊಟ್ಟೆಕಿಚ್ಚು ಇರಲಿಲ್ಲ.

ಮದುವೆಯಾದ ಹೊಸದರಲ್ಲಿ ಬೀಡಿ ಸೇದುತ್ತಿದ್ದ. ಹೆಂಡತಿ ಮಹಾದೇವಮ್ಮ ಬೈದಳು, ಬಿಡಲಿಲ್ಲ. ಅತ್ತಳು, ಬಿಡಲಿಲ್ಲ. ಹೊಗೆಸೊಪ್ಪಿನ ಕೈ ತಾಕಿದರೆ ಹುಳು ಸಾಯುತ್ತದೆ ಎಂದು ಶಿವಶಂಕರ ಒಂದು ಮಾತು ಹೇಳಿದರು. ಅವತ್ತೇ ಬಿಟ್ಟ.

"ನನಗಿಂತ ನಿಂಗೆ ಹುಳಾನೇ ಎಚ್ಚಾಯ್ತಾ?" ಎಂದಳು.

"ಬೀಡಿ ಹೊಗೇಲೂ ನೀನು ಬೈಕಂಡು ಬದುಕ್ತೀಯ. ಹುಳ ಬೈಯಲ್ಲ, ಸತ್ತೋಗ್ತದೆ ಕಣಮ್ಮಿ."

ಅವಳಿಗೆ ಸೈಕಲ್ ಕಲಿಸಿದ್ದೂ ಅವನೇ. ಹುಳು ಜಾಸ್ತಿ ಇದ್ದ ದಿನ ಸೆರಗು ಬಿಗಿದು ಅವಳೂ ಇನ್ನೊಂದು ಸೈಕಲ್ಲಲ್ಲಿ ಲೊಕ್ಕನಹಳ್ಳಿ ತನಕ ಹಿಂದೆ ಹೋಗುತ್ತಿದ್ದಳು.

ಈ ವರ್ಷ ಶ್ರಾವಣ ಕಳೆದ ಮೇಲೆ ಬಸವಯ್ಯ ಸತ್ತ. ಎದೆ ಹಿಡಿದಂಗೆ ಆಗುತ್ತೆ ಅಂದ, ಜಗಲಿ ಮೇಲೆ ಕೂತ, ಏಳಲಿಲ್ಲ.

ತಿಥಿ ಮುಗಿದ ಮೇಲೆ ಮಹಾದೇವಮ್ಮ ಚಾಕಿ ಕೇಂದ್ರಕ್ಕೆ ಹೋದಳು.

"ಲೊಕ್ಕನಹಳ್ಳಿ ಹುಳ ನಾನು ತಕಂಡು ಓಯ್ತೀನಿ ಸಾ."

ಶಿವಶಂಕರ ತಲೆ ಕೆರೆದುಕೊಂಡರು. "ನಂಗೇನೂ ಇಲ್ಲಮ್ಮ. ಅಲ್ಲಿ ಆ ಪುಟ್ಟಮಾದಪ್ಪ ಮುದುಕ ಇದ್ದಾನಲ್ಲ, ಮೈಲಿಗೆ ಅಂದ್ರೆ ಬೆಂಕಿ. ಗಂಡ ಸತ್ತೋಳ ಕೈಲಿ ಹುಳ ಇಳಿಸ್ಕೊತಾನಾ? ಅವನು ವಾಪಸ್ ಕಳಿಸಿದ್ರೆ ಸುತ್ತಲೋರು ಯಾರೂ ತಕೊಳ್ಳಲ್ಲ. ಆಮೇಲೆ ಆ ಕಡೆಗೂ ಆಟೋನೇ ಬಿಡ್ತೀನಿ."

"ಒಂದ್ ಸಲ ಓಗ್ ಬತ್ತೀನಿ," ಎಂದಳು. ಆ ದಾರಿಯೂ ಹೋದರೆ ಬಸವಯ್ಯನದು ಅಂತ ಇನ್ನೇನು ಉಳಿಯುತ್ತದೆ?

ಹುಳು ಸಾಗಿಸುವ ದಿನ ಎದ್ದು ಮಿಂದಳು. ಅವನ ಪಟಕ್ಕೆ ಕೈ ಮುಗಿದು ಸಾಂಬ್ರಾಣಿ ಹಾಕಿದಳು. ಟೈರು ಒತ್ತಿ ನೋಡಿದಳು. ಕೇಂದ್ರದಲ್ಲಿ ತಟ್ಟೆಗಳ ಮೇಲೆ ಒದ್ದೆ ಬಟ್ಟೆ ಹೊದಿಸಿ, ಟ್ಯೂಬಿನ ಪಟ್ಟಿಯಲ್ಲಿ ಕಟ್ಟಿ ಹೊರಟಳು.

ಲೊಕ್ಕನಹಳ್ಳಿ ಹತ್ತಿರ ಅಟ್ಟಣೆ ಮೇಲಿಂದ ಹೊಲ ಕಾಯುವವನೊಬ್ಬ ಕೂಗಿದ. "ಬಸವಯ್ಯನ ಸೈಕಲ್ಲಲ್ವಾ? ಯಾರವ್ವಾ ನೀನು?"

"ಬಸವಯ್ಯನ ಎಂಡ್ರು."

"ತಡಿಯವ್ವ. ಆನೆ ಇನ್ನೂ ಜೋಳದಲ್ಲೇ ಅದೆ."

ಹೊಂಗೆ ಮರದ ನೆರಳಲ್ಲಿ ನಿಂತಳು. ತಟ್ಟೆ ಮೇಲಿನ ಬಟ್ಟೆ ಒಣಗುತ್ತ ಬಂತು. ಬಾಟಲಿಯಲ್ಲಿದ್ದ ಕುಡಿಯುವ ನೀರನ್ನು ಅದಕ್ಕೇ ಚಿಮುಕಿಸಿದಳು. ಆನೆ ಕಾಡಿಗೆ ಇಳಿಯುವ ಹೊತ್ತಿಗೆ ಬಿಸಿಲು ಬೆನ್ನಿಗೆ ಚುಚ್ಚುತ್ತಿತ್ತು.

ಪುಟ್ಟಮಾದಪ್ಪ ಹುಳುಮನೆಯ ಮುಂದೆ ಕೋಲು ಅಡ್ಡ ಹಿಡಿದು ನಿಂತಿದ್ದ.

"ಅಲ್ಲೇ ನಿಲ್ಲವ್ವ. ಗಂಡ ಸತ್ತು ತಿಂಗ್ಳಾಗಿಲ್ಲ. ಹುಳ ಅಂದ್ರೆ ಲಕ್ಷ್ಮಿ. ಬರಿ ಹಣೇಲಿ ಲಕ್ಷ್ಮಿ ತತ್ತಾರಾ?"

"ಲಕ್ಷ್ಮಿಗೆ ಹಸಿವಾಗದೆ. ಮೊದ್ಲು ಸೊಪ್ಪು ಹಾಕಿ. ಆಮೇಲೆ ನನ್ ಹಣೆ ನೋಡೀರಂತೆ."

ಅವನ ಹೆಂಡತಿ ದೇವೀರಮ್ಮ ಸೊಪ್ಪಿನ ಮಂಕರಿ ಇಳಿಸಿ ಬಂದಳು. "ಬಾಯ್ ನೋಡು ಇವಳ್ದು," ಎಂದು ತಟ್ಟೆ ಬಿಚ್ಚೋಕೆ ಬಗ್ಗಿದವಳು ಹಾಗೇ ನಿಂತಳು. ಮಹಾದೇವಮ್ಮನ ಸೆರಗು ಎಳೆದು ಮೂಸಿದಳು.

"ಸಾಂಬ್ರಾಣಿ ಹಾಕಿದ್ಯಾ?"

ಮಹಾದೇವಮ್ಮ ಸೆರಗನ್ನು ತಾನೂ ಮೂಗಿಗೆ ಹಿಡಿದಳು. ಹುಳುವಿನ ಹತ್ತಿರ ಹೊಗೆ ಆಗದು, ಗಂಧ ಆಗದು. ಇಷ್ಟು ವರ್ಷ ಅವನ ಜೊತೆ ಓಡಾಡಿದವಳಿಗೆ ಗೊತ್ತಿಲ್ಲದ್ದಲ್ಲ.

"ಅವನ ಪಟಕ್ಕೆ ಹಾಕ್ದೆ," ಎಂದಳು.

"ಅವನೇ ಇದ್ದಿದ್ರೆ ಸೈಕಲ್ ಮುಟ್ಟಕ್ಕೆ ನಿನ್ನ ಬುಡ್ತಿದ್ನಾ? ಹಣೆ ಗಿಣೆ ಆಮೇಲೆ. ಬಾ, ನಡಿ ಬಚ್ಚಲಿಗೆ."

ದೇವೀರಮ್ಮ ಎರಡು ಬಿಂದಿಗೆ ನೀರು ಸುರಿದು ತನ್ನ ಸೀರೆ ಕೊಟ್ಟಳು.

"ನಿನ್ ಸೀರೆ ಯಾಕಮ್ಮಿ ಕೊಡ್ತೀಯ ಅವಳ್ಗೆ?" ಎಂದು ಹೊರಗಿಂದ ಮುದುಕ ಕೂಗಿದ.

"ನಿಮ್ ಪಂಚೆ ಕೊಡ್ಲಾ ಮತ್ತೆ?"

ಮುದುಕ ಕೋಲು ಗೋಡೆಗೆ ಒರಗಿಸಿದ.

ಹೆಂಗಸರಿಬ್ಬರೂ ತಟ್ಟೆ ಒಳಗಿಟ್ಟು ಎಳೆ ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿದರು. ಹುಳು ಅಲುಗಲಿಲ್ಲ. ಮಹಾದೇವಮ್ಮ ಬಾಗಿಲಿಗೆ ಹೋಗಿ ನಿಂತಳು. ದಾರಿ ಉದ್ದಕ್ಕೂ ಗಾಳಿ ಎದುರಿನಿಂದ ಬಂದಿತ್ತು, ಸೀರೆಯ ಹೊಗೆ ಎಲ್ಲ ಹಿಂದಕ್ಕೆ ತಟ್ಟೆಗೇ ಹೋಗಿರಬೇಕು. ಅವನು ಇಷ್ಟು ವರ್ಷ ಜೋಪಾನವಾಗಿ ಹೊತ್ತದ್ದನ್ನು ತಾನು ಒಂದೇ ದಿನದಲ್ಲಿ ಕೊಂದೆನೇನೋ. ಬೆಟ್ಟದ ಮಾದಪ್ಪಾ, ದೇವರೇ, ಒಂದು ತಿನ್ನಲಿ. ಒಂದೇ ಒಂದು.

ಮುದುಕ ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ಒಂದು ಹುಳು ತಲೆ ಎತ್ತಿ ಆ ಕಡೆ ಈ ಕಡೆ ಆಡಿಸಿತು. ಎಲೆಯ ಅಂಚು ಹಿಡಿಯಿತು. ಪಕ್ಕದ್ದು ಎದ್ದಿತು. ಆಮೇಲೆ ತಟ್ಟೆ ತುಂಬ ತಲೆ ಎದ್ದವು.

"ತಿಂತಾವೆ," ಎಂದ, ಬೈದಂಗೆ. ಬೆರಳಿನಿಂದ ಸೊಪ್ಪು ಸರಿಸಿ ಅಡಿಯಲ್ಲೂ ನೋಡಿದ. "ಒಂದೂ ಮುದ್ದೆ ಕಟ್ಟಿಲ್ಲ. ಅವನು ತಂದಂಗೇ ಅವೆ."

ಮಹಾದೇವಮ್ಮ ಬಾಗಿಲಿಂದ ಬಂದು ತಟ್ಟೆಯ ಮೇಲೆ ಬಗ್ಗಿದಳು.

"ದೀಪಾವಳಿ ಆದ್ಮೇಲೆ ಇನ್ನೊಂದ್ ಬೆಳೆ ಹಾಕ್ತೀನಿ. ಆಟೋ ಬ್ಯಾಡ ಅಂತ ಶಿವಶಂಕರಂಗೆ ಹೇಳು. ಈಗ ಉಂಡ್ಕಂಡ್ ಓಗು."

ದೇವೀರಮ್ಮ ಪಡಸಾಲೆಯಲ್ಲಿ ಮಣೆ ಹಾಕಿ ಮುದ್ದೆ ಇಟ್ಟಳು. ತಿಥಿಯ ದಿನವೂ ಅಳದೆ ಇದ್ದ ಮಹಾದೇವಮ್ಮ ಮೊದಲ ತುತ್ತು ಮುರಿದದ್ದೇ ಬಿಕ್ಕಿ ಬಿಕ್ಕಿ ಅತ್ತಳು.

"ಅಳ್ತಾ ಉಣ್ಬ್ಯಾಡ ಕಣವ್ವ, ನೆತ್ತಿಗ್ ಹತ್ತುತದೆ," ಎಂದ ಪುಟ್ಟಮಾದಪ್ಪ. ನೀರಿನ ಚೊಂಬನ್ನು ತಾನೇ ತಂದು ಅವಳ ಪಕ್ಕ ಇಟ್ಟ.

ದೇವೀರಮ್ಮ ಸಾರು ಬಿಟ್ಟಳು. ಮಹಾದೇವಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಉಂಡಳು.